ರೂಬಿಕಾನ್‌ನ ಬಂಡೆಹಾದಿ

ಕ್ಯಾಲಿಫೋರ್ನಿಯದ ಸಿಯೆರಾ ನೆವಾಡ ಪರ್ವತಗಳನ್ನು ಹಾಯ್ದು ತಾಹೋ ಸರೋವರದತ್ತ ಸಾಗುವ, ಸುಮಾರು 22 ಮೈಲಿ ಉದ್ದದ ರೂಬಿಕಾನ್ ಹಾದಿಯನ್ನು ಹಾದಿಯೆಂದು ಕರೆಯುವುದೇ ಒಂದು ಸಾಹಸ. ಮೆಟ್ಟಿಲು ಮೆಟ್ಟಿಲಾಗಿ ಎದ್ದ ಗ್ರಾನೈಟ್ ಬಂಡೆಗಳು. ನಡುನಡುವೆ ಪೈನ್ ಮರಗಳ ನೆರಳು. 1953ರಲ್ಲಿ ಜಾರ್ಜ್‌ಟೌನ್ ಪಟ್ಟಣದಿಂದ ಮೊದಲ ಜೀಪು ಮೇಳವು ಈ ಹಾದಿ ಹಿಡಿಯಿತು.

ಇಲ್ಲಿ ವೇಗಕ್ಕೆ ಬೆಲೆಯಿಲ್ಲ. ನಾಲ್ಕು ಚಕ್ರಗಳೂ ನೆಲ ಬಿಡದಿರುವುದೇ ಮುಖ್ಯ. ಒಂದು ಚಕ್ರ ಗಾಳಿಯಲ್ಲಿ ತೂಗಿತೆಂದರೆ, ಸಾಧಾರಣ ಗಾಡಿಯಲ್ಲಿ ಅದು ಬರಿದೆ ಗಿರ್ರನೆ ತಿರುಗುವುದು. ಅದೇ ಅಚ್ಚಿನ ಮತ್ತೊಂದು ಚಕ್ರ ಕದಲದು.

ಆದ್ದರಿಂದ ಹೊರಡುವ ಮುನ್ನವೇ ಪರೀಕ್ಷೆಯೊಂದುಂಟು. 20 ಡಿಗ್ರಿ ಇಳಿಜಾರಿನ ಕಟ್ಟೆಯ ಮೇಲೆ ಮುಂಗಡೆಯ ಒಂದೇ ಚಕ್ರವನ್ನು ಮೆಲ್ಲನೆ ಹತ್ತಿಸುವರು. ಬೇರೊಂದು ಚಕ್ರ ಇನ್ನೇನು ನೆಲ ಬಿಡಬೇಕೆನ್ನುವಾಗ ನಿಲ್ಲಿಸಿ, ಇಳಿಜಾರಿನಲ್ಲಿ ಏರಿದ ದೂರವನ್ನು ಅಳೆಯುವರು. ಆ ದೂರವನ್ನು ಹಿಂದುಮುಂದಿನ ಅಚ್ಚುಗಳ ಅಂತರದಿಂದ ಭಾಗಿಸಿ 1000ದಿಂದ ಗುಣಿಸಿದರೆ ಗಾಡಿಯ ಅಂಕ ದೊರೆಯುವುದು. 80 ಅಂಗುಲ ಅಂತರದ ಹಳೆಯ ಜೀಪು 40 ಅಂಗುಲ ಏರಿದರೆ ಅದರ ಅಂಕ 500.

ಆದರೆ ಹೆಚ್ಚಿನ ಅಂಕವೇ ಅಭಯವಲ್ಲ. ಸ್ಪ್ರಿಂಗು ತೀರ ಮೆತ್ತಗಾದ ಗಾಡಿ ಓರೆದಾರಿಯಲ್ಲಿ ಪಕ್ಕಕ್ಕೆ ವಾಲಬಹುದು. ಆ ಅಪಾಯವನ್ನು ಕಟ್ಟೆ ತೋರಿಸದು. ತೋರಿಸಲು ರೂಬಿಕಾನೇ ಬೇಕು.