ಸೂಚನಾ ಫಲಕದ ಮುಂದೆ

ಪ್ರತಿಯೊಂದು ಕಾಲೇಜಿನಲ್ಲೂ ಅಂಥದ್ದೊಂದು ಗೋಡೆ ಇರುತ್ತದೆ. ಪ್ರಾಂಶುಪಾಲರ ಕೊಠಡಿಗೂ ಕಚೇರಿಗೂ ನಡುವೆ, ಹಸಿರು ಬಟ್ಟೆ ಹೊದಿಸಿ ಗಾಜಿನ ಬಾಗಿಲು ಹಾಕಿದ ಸೂಚನಾ ಫಲಕವನ್ನು ಹೊತ್ತು ನಿಂತ ಗೋಡೆ. ಪರೀಕ್ಷಾ ವೇಳಾಪಟ್ಟಿ, ಶುಲ್ಕ ಕಟ್ಟುವ ಕಡೆಯ ದಿನಾಂಕ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ, ಉದ್ಯೋಗ ಸಂದರ್ಶನ, ತುರ್ತಾಗಿ ಬೇಕಾದ ರಕ್ತದ ಗುಂಪು, ನಿವೃತ್ತ ಅಧ್ಯಾಪಕರೊಬ್ಬರ ನಿಧನ, ಗ್ರಂಥಾಲಯದಲ್ಲಿ ಯಾರೋ ಮರೆತುಹೋದ ಛತ್ರಿ – ಎಲ್ಲವೂ ಅಲ್ಲಿ ಒಂದರ ಪಕ್ಕ ಒಂದು ಇರುತ್ತವೆ. ಕಾಲೇಜು ಒಂದು ಕುಟುಂಬವಿದ್ದಂತೆ ಎಂದು ವಾರ್ಷಿಕೋತ್ಸವದ ಭಾಷಣಗಳಲ್ಲಿ ನಾವು ಹೇಳುವುದುಂಟು. ಹಾಗಿದ್ದರೆ ಆ ಕುಟುಂಬದ ಸುಖದುಃಖಗಳ ಮಾತುಕತೆ ನಡೆಯುವುದು ಈ ಗೋಡೆಯ ಮೇಲೆಯೇ.

ಗುರುಮಠದಲ್ಲಿ ನಾವಿದ್ದಾಗಲೂ ಅಂಥದೊಂದು ಫಲಕವಿತ್ತು. ಯಾರು ಓದಬೇಕು, ಯಾರು ಬಡಿಸಬೇಕು, ಯಾರು ತೋಟಕ್ಕೆ ನೀರು ಹಾಕಬೇಕು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಎಲ್ಲರೂ ಒಂದೇ ಗಂಟೆಗೆ ಏಳುವವರು, ಒಂದೇ ಮೇಜಿನಲ್ಲಿ ಉಣ್ಣುವವರು. ಹಾಗಾಗಿ ಬರೆದು ಅಂಟಿಸಿದ್ದನ್ನು ಎಲ್ಲರೂ ಓದುತ್ತಿದ್ದೆವು. ಮುಂದೆ ನನ್ನನ್ನು ಕಾಲೇಜೊಂದರ ಸೇವೆಗೆ ಕಳುಹಿಸಿದಾಗ ನಾನು ಜೊತೆಯಲ್ಲಿ ಕೊಂಡೊಯ್ದ ನಂಬಿಕೆಯೂ ಅದೇ: ಬರೆದು ಅಂಟಿಸಿದರೆ ಸುದ್ದಿ ತಲುಪಿದಂತೆ. ಈ ನಂಬಿಕೆ ಎಷ್ಟು ಪೊಳ್ಳು ಎಂಬುದನ್ನು ನನಗೆ ಕಲಿಸಿದವರು ಆ ಫಲಕಕ್ಕೆ ಕಾಗದ ಅಂಟಿಸುತ್ತಿದ್ದ ನಮ್ಮ ಅಟೆಂಡರ್.

ಅವರು ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಆಡಳಿತ ಮಂಡಳಿಯಿಂದ ನೇಮಕಗೊಂಡ ಅಲ್ಪ ಸಂಬಳದ ನೌಕರರು. ಕೈಯಲ್ಲಿ ಗೋಂದಿನ ಬಾಟಲಿ, ಜೇಬಿನಲ್ಲಿ ಗುಂಡುಪಿನ್ನುಗಳ ಡಬ್ಬಿ. ಕಾಗದ ಎಂದೂ ಸೊಟ್ಟಗೆ ಕೂರುತ್ತಿರಲಿಲ್ಲ. ಅವಧಿ ಮುಗಿದ ಸೂಚನೆ ಒಂದು ದಿನವೂ ಹೆಚ್ಚಿಗೆ ಉಳಿಯುತ್ತಿರಲಿಲ್ಲ. ಅವರ ಮಗಳು ಪಿಯುಸಿ ಮುಗಿಸಿ ನಮ್ಮಲ್ಲಿಯೇ ಪದವಿಯ ಮೊದಲ ವರ್ಷಕ್ಕೆ ಸೇರಿದ್ದಳು. ಒಳ್ಳೆಯ ಅಂಕಗಳೂ ಇದ್ದವು.

ಇದು 2009ರ ಮಾತು. ದೇಶದ ಮುಸ್ಲಿಮರ ಸ್ಥಿತಿಗತಿಗಳನ್ನು ಕುರಿತ ಸಾಚಾರ್ ಸಮಿತಿಯ ವರದಿ 2006ರಲ್ಲಿ ಬಂದಿತ್ತು. ಅದರ ಬೆನ್ನಲ್ಲೇ 2007ರಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಸಮುದಾಯಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆಯನ್ನು ಆರಂಭಿಸಿತು. ಮುಸ್ಲಿಮರ ಜೊತೆಗೆ ಕ್ರೈಸ್ತರು, ಸಿಖ್ಖರು, ಬೌದ್ಧರು ಮತ್ತು ಪಾರ್ಸಿಗಳಿಗೂ ಅದು ಅನ್ವಯಿಸುತ್ತಿತ್ತು. ಹಿಂದಿನ ಪರೀಕ್ಷೆಯಲ್ಲಿ ಶೇಕಡಾ 50 ಅಂಕ ಬಂದಿರಬೇಕು, ಕುಟುಂಬದ ವಾರ್ಷಿಕ ವರಮಾನ 2 ಲಕ್ಷ ರೂಪಾಯಿ ಮೀರಿರಬಾರದು. ಶೇಕಡಾ 30ರಷ್ಟು ಪಾಲು ಹೆಣ್ಣುಮಕ್ಕಳಿಗೆ ಮೀಸಲು. ಆ ಸುತ್ತೋಲೆ ಕಾಲೇಜಿಗೆ ಬಂದಾಗ ನಾನು ಮಾಡಿದ್ದಿಷ್ಟೇ: ಮೂಲೆಯಲ್ಲಿ ಸಹಿ ಹಾಕಿ, ಎರಡು ಪ್ರತಿ ತೆಗೆಸಿ, ಫಲಕಕ್ಕೆ ಹಾಕುವಂತೆ ಅಟೆಂಡರ್ ಕೈಗೆ ಕೊಟ್ಟೆ. ಅದು ಇಂಗ್ಲಿಷಿನಲ್ಲಿತ್ತು. ಮೇಲೆ ಕಡತದ ಸಂಖ್ಯೆ, ಉಲ್ಲೇಖ, ವಿಷಯ. ಯಾರಿಗೆ, ಯಾವಾಗ ಎಂಬ ಎರಡು ಮಾತುಗಳು ಎರಡನೆಯ ಪುಟದ ಕೆಳಗೆ.

ಕೆಲವು ತಿಂಗಳುಗಳ ನಂತರ ಒಂದು ಸಂಜೆ ಸಹಿಗಾಗಿ ತಂದ ಕಾಗದಗಳ ಕಟ್ಟಿನಲ್ಲಿ ವರ್ಗಾವಣೆ ಪತ್ರದ ಅರ್ಜಿಯೊಂದಿತ್ತು. ಅಟೆಂಡರ್ ಮಗಳದು. ತಂದು ಮುಂದಿಟ್ಟವರೂ ಅವರೇ.

“ಮಗಳನ್ನು ಯಾಕೆ ಬಿಡಿಸುತ್ತಿದ್ದೀರಿ?” ಎಂದು ಕೇಳಿದೆ.

“ದುಡ್ಡಿಗೆ ಹೊಂದಾಣಿಕೆ ಆಗಲಿಲ್ಲ ಫಾದರ್. ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಸೋಮವಾರದಿಂದ ಬಾ ಅಂದಿದ್ದಾರೆ.”

“ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲಿಲ್ಲವೇ? ಅಲ್ಪಸಂಖ್ಯಾತರದು? ಅದನ್ನು ಅಂಟಿಸಿದವರೇ ನೀವಲ್ಲವೇ?”

ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. “ಅಂಟಿಸಿದ್ದೆ ಫಾದರ್. ಅದು ನಮಗೂ ಬರುತ್ತಾ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಡೆಯ ದಿನಾಂಕ ಕಳೆದುಹೋಗಿತ್ತು. ಶುಲ್ಕದಲ್ಲಿ ರಿಯಾಯಿತಿ ಕೊಡಿಸುತ್ತೇನೆ ಎಂದೆ. ಅವರು ಬಹಳ ಮರ್ಯಾದೆಯಿಂದಲೇ ಬೇಡವೆಂದರು. “ತಮ್ಮ ಇನ್ನೂ ಸ್ಕೂಲಲ್ಲಿದ್ದಾನೆ ಫಾದರ್. ಅವನಾದರೂ ಓದಲಿ. ಅವಳೂ ಒಪ್ಪಿಕೊಂಡಿದ್ದಾಳೆ” ಎಂದರು. ನಾನು ಅರ್ಜಿಗೆ ಸಹಿ ಹಾಕಿದೆ.

ಆ ವಿದ್ಯಾರ್ಥಿವೇತನದ ಮೊತ್ತ ದೊಡ್ಡದೇನಾಗಿರಲಿಲ್ಲ. ಅದೊಂದರಿಂದಲೇ ಆ ಹುಡುಗಿಯ ಓದು ಉಳಿಯುತ್ತಿತ್ತು ಎಂದು ಖಂಡಿತವಾಗಿ ಹೇಳಲಾರೆ. ಆದರೆ ಅರ್ಜಿ ಹಾಕಿ ನೋಡುವ ಅವಕಾಶವನ್ನಾದರೂ ನಾವು ಕೊಡಬಹುದಿತ್ತು, ಅದನ್ನೂ ಕೊಡಲಿಲ್ಲ. ಸರ್ಕಾರ ಸುತ್ತೋಲೆ ಕಳುಹಿಸಿತ್ತು, ಕಚೇರಿ ಅದನ್ನು ದಾಖಲಿಸಿಕೊಂಡಿತ್ತು, ನಾನು ಸಹಿ ಹಾಕಿದ್ದೆ, ತಂದೆ ತನ್ನ ಕೈಯಾರೆ ಅಂಟಿಸಿದ್ದರು, ಮಗಳು ದಿನವೂ ಅದರ ಮುಂದೆಯೇ ತರಗತಿಗೆ ನಡೆದುಹೋಗುತ್ತಿದ್ದಳು. ಲೆಕ್ಕದಲ್ಲಿ ಯಾರದೂ ತಪ್ಪಿಲ್ಲ. ಆದರೂ ಆ ಮನೆಗೆ ಸುದ್ದಿ ತಲುಪಿರಲಿಲ್ಲ. ಅಲ್ಪಸಂಖ್ಯಾತರು ಎಂಬ ಪದದೊಳಗೆ ತಾವೂ ಸೇರಿದ್ದೇವೆ ಎಂಬುದು ಭಾನುವಾರದ ಬಲಿಪೂಜೆಯನ್ನು ಎಂದೂ ತಪ್ಪಿಸದ ಆ ಕುಟುಂಬಕ್ಕೆ ಗೊತ್ತೇ ಇರಲಿಲ್ಲ. ಅದನ್ನು ತಿಳಿಸಿ ಹೇಳಬೇಕಾಗಿದ್ದ ನಾನು, ಸಹಿ ಹಾಕಿದ ಕೂಡಲೇ ನನ್ನ ಕರ್ತವ್ಯ ಮುಗಿಯಿತೆಂದು ತಿಳಿದಿದ್ದೆ.

ಇದರಲ್ಲಿ ನನ್ನನ್ನು ಹೆಚ್ಚು ನಾಚಿಸಿದ ಸಂಗತಿ ಇನ್ನೊಂದಿದೆ. ಬರೆದು ಅಂಟಿಸಿದರೆ ಸಾಲದು ಎಂಬುದು ನಮ್ಮ ಧರ್ಮಸಭೆಗೆ ಶತಮಾನಗಳಿಂದಲೂ ತಿಳಿದಿರುವ ವಿಷಯ. ವಿವಾಹವಾಗಲಿರುವವರ ಹೆಸರುಗಳನ್ನು ದೇವಾಲಯದಲ್ಲಿ ಗಟ್ಟಿಯಾಗಿ ಓದಿ ಹೇಳುವ ಪದ್ಧತಿಯನ್ನು 1563ರಲ್ಲಿ ಟ್ರೆಂಟ್ ಮಹಾಸಭೆ ನಿಯಮವಾಗಿ ವಿಧಿಸಿತು. ಅದೂ ಒಮ್ಮೆಯಲ್ಲ, ಮೂರು ಹಬ್ಬದ ದಿನಗಳಲ್ಲಿ, ಜನ ನೆರೆದಿರುವ ಬಲಿಪೂಜೆಯ ವೇಳೆಯಲ್ಲಿ. ಓದು ಬರದವರಿಗೂ ಅದು ಕೇಳಿಸಬೇಕು, ಮೊದಲ ವಾರ ಬಾರದವರು ಎರಡನೆಯ ವಾರ ಕೇಳಬೇಕು, ಕೇಳಿದವರು ನೆರೆಯವರಿಗೆ ಹೇಳಬೇಕು. ಒಂದು ಮದುವೆಯ ಸುದ್ದಿ ತಲುಪಬೇಕೆಂದು ನಮ್ಮ ಹಿರಿಯರು ಇಷ್ಟು ಕಾಳಜಿ ವಹಿಸಿದರು. ಒಬ್ಬ ಬಡ ವಿದ್ಯಾರ್ಥಿನಿಯ ಭವಿಷ್ಯದ ಸುದ್ದಿಗೆ ನಾನು ವ್ಯಯಿಸಿದ್ದು ಎರಡು ಹನಿ ಗೋಂದು ಮಾತ್ರ.

ಮರುವರ್ಷದಿಂದ ನಾವು ಕೆಲವು ಸಣ್ಣ ಬದಲಾವಣೆಗಳನ್ನು ಮಾಡಿಕೊಂಡೆವು. ಯಾವ ಸುತ್ತೋಲೆ ಬಂದರೂ ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಸಾಲುಗಳಿಗೆ ಇಳಿಸುವುದು: ಇದು ಯಾರಿಗೆ, ಏನು ಸಿಗುತ್ತದೆ, ಯಾವ ದಾಖಲೆ ಬೇಕು, ಕಡೆಯ ದಿನ ಯಾವುದು. ಸೋಮವಾರ ಮತ್ತು ಗುರುವಾರ ಮೊದಲ ಅವಧಿಯಲ್ಲಿ ಅಧ್ಯಾಪಕರೇ ಅದನ್ನು ತರಗತಿಯಲ್ಲಿ ಓದಿ ಹೇಳುವುದು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹಜಾರದಲ್ಲೊಂದು ಮೇಜು ಹಾಕಿ ಯಾರಾದರೂ ಒಬ್ಬರು ಕುಳಿತು ಅರ್ಜಿ ತುಂಬಿಸಿಕೊಡುವುದು. ಸೂಚನೆ ಅಂಟಿಸುವ ಮೊದಲು ಅದನ್ನು ನಮ್ಮ ಅಟೆಂಡರ್‌ಗೆ ಓದಿ ಹೇಳುವುದನ್ನು ನಾನು ನನಗೇ ವಿಧಿಸಿಕೊಂಡೆ. ಅವರಿಗೆ ಅರ್ಥವಾದರೆ ಎಲ್ಲರಿಗೂ ಅರ್ಥವಾದಂತೆ. ಹಲವು ಸಲ ಅವರು ತಲೆಯಾಡಿಸಿ, “ಇದು ಇನ್ನೂ ಸ್ವಲ್ಪ ಬಿಡಿಸಿ ಬರೀಬೇಕು ಫಾದರ್” ಎನ್ನುತ್ತಿದ್ದರು. ಬಿಡಿಸಿ ಬರೆಯುತ್ತಿದ್ದೆ. ಅವರ ಮಗ ಪಿಯುಸಿಗೆ ಬಂದಾಗ ಮೇಜಿನ ಮುಂದೆ ಮೊದಲು ನಿಂತ ತಂದೆ ಅವರೇ. ಅವನಿಗೆ ವಿದ್ಯಾರ್ಥಿವೇತನ ಬಂತು. ಮಗಳು ಮಾತ್ರ ಮತ್ತೆ ಕಾಲೇಜಿಗೆ ಬರಲಿಲ್ಲ.

ಸಿಬ್ಬಂದಿಯ ವಿಷಯದಲ್ಲಿಯೂ ನಮ್ಮ ಕಣ್ಣು ತೆರೆಯಬೇಕಾಗಿತ್ತು. ಅಧ್ಯಾಪಕರಿಗೆ ಪುನಶ್ಚೇತನ ಶಿಬಿರಗಳ, ವಿಚಾರ ಸಂಕಿರಣಗಳ ಪತ್ರಗಳು ಬರುತ್ತವೆ; ಹಿರಿಯರ ಮೇಜಿನ ಮೇಲೆ ಉಳಿದು ಕಿರಿಯರಿಗೆ ತಲುಪದೆ ಹೋಗುತ್ತವೆ. ಅತಿಥಿ ಅಧ್ಯಾಪಕರಿಗಂತೂ ಯಾರೂ ಏನನ್ನೂ ಹೇಳುವುದಿಲ್ಲ. ಬೋಧಕೇತರ ಸಿಬ್ಬಂದಿಗೆ ಅವಕಾಶಗಳಿವೆ ಎಂಬ ಯೋಚನೆಯೇ ನಮಗಿರಲಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಿಂದಲೂ ದುಡಿಯುವವರಿಗೆ ಪದವಿಯ ಬಾಗಿಲು ತೆರೆದಿದೆ. 2017ರಲ್ಲಿ ಕೇಂದ್ರ ಸರ್ಕಾರ ‘ಸ್ವಯಂ’ ಜಾಲತಾಣವನ್ನು ಆರಂಭಿಸಿದ ಮೇಲೆ ಮನೆಯಲ್ಲಿ ಕುಳಿತೇ ಉಚಿತವಾಗಿ ಪಾಠ ಕೇಳಬಹುದು. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ. ಇವನ್ನು ಗುಮಾಸ್ತರಿಗೆ, ಪ್ರಯೋಗಾಲಯದ ಸಹಾಯಕರಿಗೆ, ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವವರಿಗೆ ಒಬ್ಬರು ಹೋಗಿ ಹೇಳಬೇಕು. ಪಕ್ಕದಲ್ಲಿ ಕುಳಿತು ಅರ್ಜಿ ತುಂಬಲು ನೆರವಾಗಬೇಕು.

ಈಗ ಕಾಲ ಬದಲಾಗಿದೆ, ಗೋಡೆ ಕೈಯೊಳಗೆ ಬಂದಿದೆ, ಎಲ್ಲರ ಮೊಬೈಲಿನಲ್ಲೂ ವಾಟ್ಸಾಪ್ ಗುಂಪುಗಳಿವೆ ಎಂದು ಕೆಲವರು ಹೇಳಬಹುದು. ನಿಜ. ಆದರೆ ನೂರು ಶುಭೋದಯಗಳ ನಡುವೆ ಬಂದು ಬೀಳುವ ಸುತ್ತೋಲೆಯ ಗತಿ ಹಳೆಯ ಗೋಡೆಯ ಗತಿಯೇ. ನೀಲಿ ಗುರುತು ಬಂದರೆ ನೋಡಿದ್ದಾರೆ ಎಂದಷ್ಟೇ ಅರ್ಥ, ತಿಳಿದಿದ್ದಾರೆ ಎಂದಲ್ಲ. ಅರ್ಜಿಯ ದಾರಿಯೂ ಸುಲಭವಾಗಿಲ್ಲ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ತರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಎಲ್ಲ ದಾಖಲೆಗಳಲ್ಲೂ ಹೆಸರು ಒಂದೇ ಇರಬೇಕು. ನಮ್ಮ ಮಕ್ಕಳ ಹೆಸರುಗಳ ಪಾಡು ನಿಮಗೆ ಗೊತ್ತೇ ಇದೆ: ದೀಕ್ಷಾಸ್ನಾನದ ದಾಖಲೆಯಲ್ಲಿ ಮರಿಯಮ್ಮ, ಅಂಕಪಟ್ಟಿಯಲ್ಲಿ ಮೇರಿ, ಆಧಾರ್ ಕಾರ್ಡಿನಲ್ಲಿ ಇನಿಷಿಯಲ್ ಮುಂದೋ ಹಿಂದೋ ಸೇರಿ ಮೂರನೆಯದೊಂದು ಹೆಸರು. ಮಂಜೂರಾದ ಹಣವೂ ಇಂಥ ಸಣ್ಣ ಕಾರಣಗಳಿಗೆ ಖಾತೆಗೆ ಬಾರದೆ ಹೋಗುತ್ತದೆ. ಇದನ್ನು ಜೂನ್ ತಿಂಗಳಲ್ಲಿಯೇ ನೋಡಿ ಸರಿಪಡಿಸಲು ಪಕ್ಕದಲ್ಲೊಬ್ಬ ಮನುಷ್ಯ ಬೇಕು.

ಯೋಜನೆಗಳೂ ಸ್ಥಿರವಲ್ಲ. ಸಂಶೋಧನೆ ಮಾಡುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು ನಿಲ್ಲಿಸಿರುವುದಾಗಿ 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಕರ್ನಾಟಕದಲ್ಲಿ ರೈತರ ಮಕ್ಕಳಿಗಾಗಿ 2021ರಲ್ಲಿ ರೈತ ವಿದ್ಯಾನಿಧಿ ಬಂತು. ಪದವಿ, ಡಿಪ್ಲೊಮಾ ಮುಗಿಸಿ ಕೆಲಸ ಸಿಗದವರಿಗಾಗಿ 2024ರ ಜನವರಿಯಲ್ಲಿ ಯುವನಿಧಿ ಆರಂಭವಾಯಿತು. ಒಂದು ಬಾಗಿಲು ಮುಚ್ಚುತ್ತದೆ, ಇನ್ನೊಂದು ತೆರೆಯುತ್ತದೆ, ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಓದಿದ ಕುಟುಂಬಗಳಿಗೆ ಇದು ಹೇಗೋ ತಿಳಿದುಬಿಡುತ್ತದೆ. ಮೊದಲ ತಲೆಮಾರಿನಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಯಾರಾದರೂ ಹೇಳದೆ ತಿಳಿಯುವುದಿಲ್ಲ.

ಸಂತ ಯೊವಾನ್ನರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಬೆತ್ಸಥಾ ಕೊಳದ ಬಳಿ ಮೂವತ್ತೆಂಟು ವರ್ಷಗಳಿಂದ ರೋಗಿಯಾಗಿದ್ದವನೊಬ್ಬ ಬರುತ್ತಾನೆ. ನೀರು ಕಲಕಿದಾಗ ಮೊದಲು ಇಳಿದವನಿಗೆ ಗುಣವಾಗುತ್ತದೆ ಎಂಬುದು ಅಲ್ಲಿದ್ದವರ ನಂಬಿಕೆ. ನೀರು ಕಲಕುವ ಸುದ್ದಿ ಅವನಿಗೆ ತಿಳಿಯದ್ದಲ್ಲ. ಆದರೆ ಅವನನ್ನು ಎತ್ತಿ ಇಳಿಸುವವರು ಒಬ್ಬರೂ ಇರಲಿಲ್ಲ. ಅವನು ಪ್ರಭು ಯೇಸುವಿನ ಮುಂದೆ ಹೇಳಿಕೊಂಡದ್ದೂ ಅದನ್ನೇ. ಆ ಭಾಗವನ್ನು ಪೀಠದಲ್ಲಿ ಓದುವಾಗಲೆಲ್ಲ ನನಗೆ ನೆನಪಾಗುವುದು ಹಸಿರು ಬಟ್ಟೆಯ ಆ ಫಲಕ ಮತ್ತು ಅದರ ಮುಂದೆ ಪುಸ್ತಕ ಎದೆಗವಚಿಕೊಂಡು ನಡೆದುಹೋಗುತ್ತಿದ್ದ ಹುಡುಗಿ. ಆಕೆಗೆ ಸುದ್ದಿಯೂ ತಲುಪಲಿಲ್ಲ, ಎತ್ತಿ ಇಳಿಸುವವರೂ ಸಿಗಲಿಲ್ಲ.

ನಾನೀಗ ಧರ್ಮಕೇಂದ್ರವೊಂದರ ಸೇವೆಯಲ್ಲಿದ್ದೇನೆ. ಭಾನುವಾರ ಬಲಿಪೂಜೆಯ ಕೊನೆಯಲ್ಲಿ ಪ್ರಕಟಣೆಗಳನ್ನು ಓದುವ ಹೊತ್ತಿಗೆ ಕೆಲವರು ಚಪ್ಪಲಿ ಹುಡುಕಲು ಹೊರಡುತ್ತಾರೆ. ಆದರೂ ವಿದ್ಯಾರ್ಥಿವೇತನದ ಕಡೆಯ ದಿನಾಂಕವನ್ನು ಮೂರು ಭಾನುವಾರ ಓದುತ್ತೇನೆ, ಮದುವೆಯ ಪ್ರಕಟಣೆಯಂತೆಯೇ. “ಇದು ನಮಗೆ, ಕ್ರೈಸ್ತರಿಗೆ ಬರುತ್ತದೆ” ಎಂಬ ಮಾತನ್ನೂ, ಅನ್ವಯವಾಗುವಲ್ಲೆಲ್ಲ, ಬಿಡದೆ ಸೇರಿಸುತ್ತೇನೆ.

ಪ್ರಿಯ ಓದುಗರೇ, ನಿಮ್ಮಲ್ಲಿ ಅಧ್ಯಾಪಕರಿರಬಹುದು, ಕಚೇರಿಯಲ್ಲಿ ದುಡಿಯುವವರಿರಬಹುದು, ಕಾಲೇಜಿಗೆ ಹೋಗುವ ಮಕ್ಕಳಿರಬಹುದು. ಈ ವಾರ ನಿಮ್ಮ ಕಣ್ಣಿಗೆ ಬೀಳುವ ಸೂಚನೆಗಳಲ್ಲಿ ಒಂದನ್ನಾದರೂ ಅದು ಸಲ್ಲಬೇಕಾದವರ ಬಳಿಗೆ ನೀವೇ ಹೋಗಿ ಓದಿ ಹೇಳಿ. ಅರ್ಥವಾಯಿತೇ ಎಂದು ಕೇಳಿ. ಕಡೆಯ ದಿನಕ್ಕೆ ಎರಡು ದಿನ ಮುಂಚೆ ಇನ್ನೊಮ್ಮೆ ಕೇಳಿ. ಇದಕ್ಕೆ ಹಣ ಬೇಕಿಲ್ಲ, ಪಾಂಡಿತ್ಯವೂ ಬೇಕಿಲ್ಲ. ಹತ್ತು ನಿಮಿಷದ ಬಿಡುವು ಸಾಕು. ಅಂದು ಆ ಹತ್ತು ನಿಮಿಷಗಳು ನನ್ನಲ್ಲಿ ಇದ್ದವು.