ಒಂದು ಕೈ ಕಡಿಮೆ

ನವೆಂಬರ್ 15ರಂದು ವಾರೆನ್‌ನಲ್ಲಿ ಯಾರಿಗೂ ತುರ್ತು ಕೆಲಸ ಹೇಳಬಾರದು. ವಾರದ ಯಾವ ದಿನವೇ ಬರಲಿ, ಮಿಷಿಗನ್ನಿನಲ್ಲಿ ಅಂದಿನಿಂದ ತಿಂಗಳ ಕೊನೆಯವರೆಗೆ ಕೋವಿಯಲ್ಲಿ ಜಿಂಕೆ ಹೊಡೆಯುವ ಹಂಗಾಮು. ಉತ್ತರದ ಕೆಲವು ಊರುಗಳಲ್ಲಿ ಶಾಲೆಗೂ ರಜೆ ಕೊಡುತ್ತಾರೆ. ಕಾರಿನ ಬಿಡಿಭಾಗಗಳಿಗೆ ಅಚ್ಚು ಮಾಡುವ ನಮ್ಮ ಶಾಪ್ ಆ ದಿನ ಗಣೇಶನನ್ನು ನೀರಿಗೆ ಬಿಟ್ಟ ಮಾರನೇ ದಿನದ ಚಪ್ಪರದ ಹಾಗಿರುತ್ತದೆ. ನನ್ನಂಥ ಪರದೇಶಿಗಳು ಮಾತ್ರ ಕಾಫಿ ಕುಡಿಯುತ್ತ ಯಂತ್ರಗಳ ಕಾವಲು ಕಾಯುತ್ತೇವೆ.

ನನಗೆ ಬೇಟೆ ಹೊಸದೇನಲ್ಲ. ನಮ್ಮದು ತೀರ್ಥಹಳ್ಳಿ ಕಡೆಯ ಮನೆ. ಜಗಲಿಯ ಗೋಡೆಯಲ್ಲಿ ಕೇಪಿನ ಕೋವಿ, ಅದರ ಕೆಳಗೆ ಅಜ್ಜಯ್ಯ. ಬೆಳದಿಂಗಳಲ್ಲಿ ಮರಸು ಕೂರುವುದು, ನಾಯಿ ಬಿಟ್ಟು ಹಳು ನುಗ್ಗುವುದು, ಹೊಡೆದ ಕಾಡುಹಂದಿಯನ್ನು ಪಾಲು ಹಾಕುವುದು, ಎಲ್ಲ ಅವರ ಬಾಯಲ್ಲಿ ಕೇಳಿದ್ದೇ. ಪಾಲಿನಲ್ಲಿ ನಾಯಿಗೂ ಒಂದು ಪಾಲು ಇತ್ತಂತೆ. ನಾನು ಕಣ್ಣುಬಿಡುವ ಹೊತ್ತಿಗೆ 1972ರ ವನ್ಯಜೀವಿ ಕಾಯಿದೆ ಬಂದು ಕೋವಿ ಬರೀ ಬೆಳೆ ಕಾಯುವ ಆಯುಧವಾಗಿತ್ತು. ಕಾನೂನಿನಲ್ಲಿ ಪರವಾನಗಿ ಬೇಟೆಗೆ ಉಳಿದಿದ್ದ ಸಣ್ಣ ಕಿಂಡಿಯೂ 1991ರ ತಿದ್ದುಪಡಿಯಲ್ಲಿ ಮುಚ್ಚಿತು. ಆಮೇಲೆ ನಮ್ಮ ಕೋವಿಯ ಪ್ರವಾಸವೆಂದರೆ ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಹೋಗಿ ಠೇವಣಿ ಕೂತು, ಫಲಿತಾಂಶ ಕೇಳಿಕೊಂಡು ಮನೆಗೆ ಬರುವುದು.

ನಮ್ಮ ಪುರಾಣಗಳಂತೂ ಬೇಟೆಗೆ ಹೋದವರನ್ನು ಸುಮ್ಮನೆ ಬಿಟ್ಟದ್ದೇ ಕಡಿಮೆ. ದಶರಥ ಹೋಗಿ ಶಾಪ ತಂದ, ಪಾಂಡು ಹೋಗಿ ಶಾಪ ತಂದ, ರಾಮ ಹೋಗಿ ಹೆಂಡತಿಯನ್ನೇ ಕಳೆದುಕೊಂಡ. ಇಲ್ಲಿಯವರು ದುಡ್ಡು ಕೊಟ್ಟು ಪರವಾನಗಿಯ ಚೀಟಿ ಹರಿಸಿಕೊಂಡು, ಕಿತ್ತಳೆ ಬಣ್ಣದ ಟೋಪಿ ಏರಿಸಿ ನಗುನಗುತ್ತ ಹೊರಡುತ್ತಾರೆ.

ಈ ಚೀಟಿಗೂ ಒಂದು ಚರಿತ್ರೆಯಿದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಮಿಷಿಗನ್ನಿನ ದಕ್ಷಿಣ ಭಾಗದಲ್ಲಿ ಕಾಡು ಕಡಿದು ಹೊಲ ಮಾಡಿ ಜಿಂಕೆಯನ್ನು ಹೆಚ್ಚುಕಡಿಮೆ ಮುಗಿಸಿಯಾಗಿತ್ತು. ಉತ್ತರದಲ್ಲಿ ಪೈನ್ ಮರ ಬಿದ್ದ ಕಡೆ ಹೊಸ ಚಿಗುರು ಬಂದು ಜಿಂಕೆ ಹೆಚ್ಚಿತು. ಅದರ ಹಿಂದೆಯೇ ರೈಲು ಬಂತು, ರೈಲಿನ ಹಿಂದೆ ಮಾಂಸದ ವ್ಯಾಪಾರಿಗಳು. ದೊಡ್ಡ ದೊಡ್ಡ ಪಟ್ಟಣಗಳ ಮಾರುಕಟ್ಟೆಗೆ ಜಿಂಕೆ ಲೋಡುಗಟ್ಟಲೆ ಹೋಯಿತು. ಕೊನೆಗೆ ಸರ್ಕಾರಕ್ಕೆ ಎಚ್ಚರವಾಗಿ 1895ರಲ್ಲಿ ಪರವಾನಗಿ ತಂದಿತು: ರಾಜ್ಯದವರಿಗೆ 50 ಸೆಂಟ್, ಒಬ್ಬನಿಗೆ ಹಂಗಾಮಿಗೆ 5 ಜಿಂಕೆ. 1921ರಲ್ಲಿ ಅದು ಒಂದೇ ಗಂಡು ಜಿಂಕೆಗೆ ಇಳಿಯಿತು. 1937ರಲ್ಲಿ ಇಡೀ ದೇಶಕ್ಕೇ ಕಾನೂನು ಬಂದು, ಬೇಟೆಯ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆ ವನ್ಯಜೀವಿಗಳ ಲೆಕ್ಕಕ್ಕೆ ಹೋಗತೊಡಗಿತು. ಜಿಂಕೆ ಹೊಡೆಯುವವನ ದುಡ್ಡಿನಲ್ಲಿ ಜಿಂಕೆ ಸಾಕುವ ಈ ಏರ್ಪಾಡು ಮೊದಲು ನನಗೆ ವಿಚಿತ್ರವಾಗಿ ಕಂಡಿತ್ತು. ಆಮೇಲೆ ಬಂಡೀಪುರ ನೆನಪಾಯಿತು. ಮಹಾರಾಜರು ಬೇಟೆಗೆಂದು ಕಾಯ್ದಿರಿಸಿದ್ದ ಕಾಡಲ್ಲವೇ ಅದು? 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ, 1973ರಲ್ಲಿ ಹುಲಿ ಯೋಜನೆಗೆ ಸೇರಿದ್ದು.

ನಮ್ಮ ಶಾಪಿನಲ್ಲಿ ಹಿರಿಯ ಕೆಲಸಗಾರರೊಬ್ಬರಿದ್ದಾರೆ, ಪೋಲಿಷ್ ಮೂಲದವರು. ಮ್ಯಾಕಿನಾ ಸೇತುವೆಯಾಚೆ, ಇಲ್ಲಿಯವರು ಯುಪಿ ಎನ್ನುವ ಮೇಲಿನ ಪರ್ಯಾಯ ದ್ವೀಪದಲ್ಲಿ, ಅವರ ಅಪ್ಪ ಕಟ್ಟಿದ ಮರದ ಮನೆಯಿದೆ. ಡೀರ್ ಕ್ಯಾಂಪ್ ಎನ್ನುತ್ತಾರೆ. 1957ರಲ್ಲಿ ಸೇತುವೆಯಾಗುವ ಮುಂಚೆ ನವೆಂಬರ್‌ನಲ್ಲಿ ದೋಣಿಗಾಗಿ ಕಾರುಗಳು ಮೈಲುಗಟ್ಟಲೆ ಸಾಲು ನಿಲ್ಲುತ್ತಿದ್ದವು. ಅಪ್ಪ ಆ ಸಾಲಿನಲ್ಲಿ ರಾತ್ರಿ ಕಳೆದದ್ದನ್ನು ಇವರು ಪದಕ ಬಂದಷ್ಟು ಹೆಮ್ಮೆಯಿಂದ ಹೇಳುತ್ತಾರೆ. ಈಗ ಅಲ್ಲಿ ಜಿಂಕೆ ಇಳಿಮುಖ. ಕ್ಯಾಂಪಿನವರನ್ನು ಕೇಳಿದರೆ ತೋಳದ ಕಡೆ ಬೆರಳು. ತಜ್ಞರನ್ನು ಕೇಳಿದರೆ ಬೆರಳು ಹಿಮದ ಕಡೆ: ಸಾಲಾಗಿ ಬರುವ ಕಠಿಣ ಚಳಿಗಾಲ, ಹಿಮ ತಡೆದು ಜಿಂಕೆಗೆ ಆಸರೆ ಕೊಡುತ್ತಿದ್ದ ಸೀಡರ್, ಹೆಮ್‌ಲಾಕ್ ಮರಗಳ ಅಭಾವ. ನನಗೆ ಎರಡನೆಯವರ ಮಾತೇ ಸರಿ ಅನ್ನಿಸುತ್ತದೆ. ಆದರೆ ತೋಳವನ್ನು ಬೈದಷ್ಟು ಸುಖ ಹಿಮವನ್ನು ಬೈಯುವುದರಲ್ಲಿ ಇಲ್ಲವಲ್ಲ.

ದಕ್ಷಿಣದಲ್ಲಿ ಕಥೆ ತಲೆಕೆಳಗು. ಇಡೀ ರಾಜ್ಯದಲ್ಲಿ ಸುಮಾರು 20 ಲಕ್ಷ ಜಿಂಕೆಗಳಿವೆಯೆಂದು ಅಂದಾಜು, ಅವುಗಳಲ್ಲಿ ಬಹುಪಾಲು ನಮ್ಮ ಕೆಳಗಿನ ಅರ್ಧದಲ್ಲೇ. ವರ್ಷಕ್ಕೆ 50,000ಕ್ಕೂ ಹೆಚ್ಚು ಸಲ ಜಿಂಕೆಗೂ ವಾಹನಕ್ಕೂ ಡಿಕ್ಕಿ. ಆನ್ ಆರ್ಬರ್ ಊರಿನವರು 2016ರಲ್ಲಿ ದುಡ್ಡು ಕೊಟ್ಟು ಗುರಿಕಾರರನ್ನು ಕರೆಸಿ ಹೊಡೆಸಿದರು. 2015ರಲ್ಲಿ ಲಾನ್ಸಿಂಗ್ ಹತ್ತಿರ ಮೆದುಳಿಗೆ ಹತ್ತಿ ಜಿಂಕೆಯನ್ನು ಸೊರಗಿಸಿ ಕೊಲ್ಲುವ ರೋಗ ಸಿಕ್ಕಿತು. ಒಂದೇ ರಾಶಿಗೆ ಹತ್ತಾರು ಬಾಯಿ ಬಿದ್ದರೆ ಅದು ಹರಡುತ್ತದೆಂದು 2019ರಲ್ಲಿ ಕೆಳಗಿನ ಮಿಷಿಗನ್ನಿನಲ್ಲಿ ಆಮಿಷ ಹಾಕುವುದನ್ನೇ ನಿಷೇಧಿಸಿದರು. ಅದಕ್ಕೆ ಮುಂಚೆ ಪೆಟ್ರೋಲ್ ಬಂಕಿನ ಮುಂದೆ ಜಿಂಕೆಗೆಂದು ಕ್ಯಾರೆಟ್ಟಿನ ಮೂಟೆ ಮಾರುತ್ತಿದ್ದರು. ಒಂದು ಕಲ್ಯಾಣ ಮಂಟಪಕ್ಕೆ ಸಾಕಾಗುವಷ್ಟು ಹಲ್ವಾ ನನ್ನ ಕಣ್ಣೆದುರೇ ಕಾಡಿಗೆ ಹೋಗುತ್ತಿತ್ತು.

ನಾವಿರುವುದು ವಾರೆನ್‌ಗಿಂತ ಉತ್ತರಕ್ಕೆ, ಶೆಲ್ಬಿ ಟೌನ್‌ಶಿಪ್ಪಿನಲ್ಲಿ. ಹೆಂಡತಿ ಮೈಸೂರಿನವಳು, ಮೊಟ್ಟೆಯನ್ನೂ ಮುಟ್ಟದವಳು. ಹಿತ್ತಲಲ್ಲಿ ಅವರೆಬಳ್ಳಿ ಹಬ್ಬಿಸುವುದು ಅವಳ ಬೇಸಿಗೆಯ ವ್ರತ. ಮೊದಲ ಸಲ ಹೆಣ್ಣುಜಿಂಕೆಯೊಂದು ಎರಡು ಮರಿ ಕರೆದುಕೊಂಡು ಬಂದಾಗ ಅವಳೇ ಕಿಟಕಿಯ ಬಳಿ ಎಲ್ಲರನ್ನೂ ಕರೆದು, ಸದ್ದು ಮಾಡಬೇಡಿ ಎಂದಿದ್ದಳು. ಬಳ್ಳಿ ಬೋಳಾದ ಮೇಲೆ ಕೇಳಿದ ಪ್ರಶ್ನೆ ಬೇರೆ: “ರೀ, ನಿಮ್ಮ ಅಜ್ಜಯ್ಯನ ಕೋವಿ ಇಲ್ಲಿಗೆ ತರೋಕಾಗಲ್ವಾ?” ಅಹಿಂಸೆಗೂ ಅವರೆಕಾಳಿಗೂ ಇಷ್ಟು ಹತ್ತಿರದ ವೈರವಿದೆಯೆಂದು ನನಗೆ ಗೊತ್ತಿರಲಿಲ್ಲ.

ಅಂತೂ ಉತ್ತರದಲ್ಲಿ ಬೇಟೆಗಾರನಿಗೆ ಜಿಂಕೆ ಸಿಗುತ್ತಿಲ್ಲ, ದಕ್ಷಿಣದಲ್ಲಿ ಜಿಂಕೆಗೆ ಬೇಟೆಗಾರ ಸಾಲುತ್ತಿಲ್ಲ. 1990ರ ದಶಕದ ಕೊನೆಗೆ 7 ಲಕ್ಷ ದಾಟಿದ್ದ ಬೇಟೆಗಾರರು ಈಗ 6 ಲಕ್ಷದ ಆಸುಪಾಸಿಗೆ ಇಳಿದಿದ್ದಾರೆ. ಮುದುಕರು ಬಿಡುತ್ತಿದ್ದಾರೆ, ಹುಡುಗರು ಹಿಡಿಯುತ್ತಿಲ್ಲ. ಚೀಟಿ ಹರಿಯದಿದ್ದರೆ ಕಾಡಿನ ಲೆಕ್ಕಕ್ಕೆ ದುಡ್ಡಿಲ್ಲ. ಆಗ ಆ ಖರ್ಚನ್ನು ನನ್ನಂತೆ ಕಿಟಕಿಯಲ್ಲಿ ನಿಂತು ನೋಡುವವರೇ ಹೊರಬೇಕಾದೀತು. ನಾವಿನ್ನೂ ಒಂದು ಡಾಲರೂ ಬಿಚ್ಚಿಲ್ಲ.

ನಮ್ಮ ಶಾಪಿನ ಆ ಹಿರಿಯರ ಚಿಂತೆ ಮಾತ್ರ ಇದ್ಯಾವುದೂ ಅಲ್ಲ. ಕ್ಯಾಂಪಿನಲ್ಲಿ ರಾತ್ರಿ ಯೂಕರ್ ಆಡುವುದು ಅವರ ಅಪ್ಪನ ಕಾಲದ ರೂಢಿ. ಆ ಇಸ್ಪೀಟಿಗೆ ನಾಲ್ವರು ಬೇಕು. ಹಿಂದೆ ಎರಡು ಮೇಜು ಹಾಕುತ್ತಿದ್ದವರು ಕಳೆದ ವರ್ಷ ಮೂವರೇ ಆಗಿದ್ದರಂತೆ. ಮಗ ಶಿಕಾಗೋದಲ್ಲಿ, ಅವನಿಗೆ ರಜೆ ಇಲ್ಲ. ಊಟದ ಹೊತ್ತಿಗೆ ನನ್ನ ಮೇಜಿಗೆ ಬಂದು ಕೂತು, ನೀನು ಬರುತ್ತೀಯಾ ಎಂದರು. ನನಗೆ ಪರವಾನಗಿ ಇಲ್ಲ, ಇಲ್ಲಿ 1960ರಿಂದೀಚೆಗೆ ಹುಟ್ಟಿದವರು ಸುರಕ್ಷತೆಯ ಪಾಠ ಮುಗಿಸದೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ ಎಂದೆ. ಕೋವಿ ಯಾರು ಕೇಳಿದರು, ಎಲೆ ಹಿಡಿಯಲು ಬರುತ್ತದೆಯೇ ಎಂದರು. ಆಟದ ನಿಯಮ ವಿವರಿಸತೊಡಗಿದರು. ತುರುಪಿನಲ್ಲಿ ಎಲ್ಲಕ್ಕಿಂತ ದೊಡ್ಡ ಎಲೆ ರಾಜನೂ ಅಲ್ಲ, ಎಕ್ಕವೂ ಅಲ್ಲ, ಗುಲಾಮ ಎಂದಾಗ ನನಗೆ ನಗು ಬಂತು. ನಮ್ಮೂರ ಇಪ್ಪತ್ತೆಂಟರ ಆಟದಲ್ಲೂ ದೊಡ್ಡವನು ಗುಲಾಮನೇ. ಅಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ದಾರಿಯಲ್ಲಿ ಹೇಳುತ್ತೇನೆ ಎಂದು ಹಿರಿಯರು ಎದ್ದರು. ಮನೆಯಲ್ಲಿ ಹೇಳಿದೆ. ಹೆಂಡತಿ ಉಣ್ಣೆಯ ಕಾಲುಚೀಲ ಹುಡುಕಿಕೊಟ್ಟು, ಅಲ್ಲಿ ಜಿಂಕೆ ಕಡಿಮೆಯಂತಲ್ಲ, ನಮ್ಮ ಹಿತ್ತಲಿನ ವಿಳಾಸವನ್ನೂ ಅವರಿಗೆ ಕೊಟ್ಟು ಬನ್ನಿ ಎಂದಳು.