ಫಿಲಡೆಲ್ಫಿಯಾದಲ್ಲಿ ಎಲೆ ಅಚ್ಚಿನ ನೋಟು

ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋದವರೆಲ್ಲ ಬಿರುಕುಬಿಟ್ಟ ಸ್ವಾತಂತ್ರ್ಯದ ಗಂಟೆಯನ್ನು ನೋಡಿ ಬರುತ್ತಾರೆ. ಮಗಳ ಮನೆಗೆಂದು ಹೋಗಿದ್ದ ನನಗೆ ಬೇರೊಂದು ಕೆಲಸವೂ ಇತ್ತು. ನನ್ನ ಚೀಲದಲ್ಲಿ 1776ರ ಒಂದು ನೋಟಿತ್ತು. ಹಳೆಯ ವಿದ್ಯಾರ್ಥಿಯೊಬ್ಬ ಪ್ರೀತಿಯಿಂದ ತಂದುಕೊಟ್ಟದ್ದು. ಕಂದು ಬಣ್ಣ, ಮುಟ್ಟಿದರೆ ಹಪ್ಪಳದಂತೆ ಸದ್ದು. 'ಇದು ಅಮೆರಿಕದ ಕ್ರಾಂತಿಕಾಲದ ದುಡ್ಡು ಮಕ್ಕಳೇ' ಎಂದು ವರ್ಷಗಟ್ಟಲೆ ತರಗತಿಯಲ್ಲಿ ಹೆಮ್ಮೆಯಿಂದ ತೋರಿಸಿದ್ದೆ.

ಮಾರ್ಕೆಟ್ ಸ್ಟ್ರೀಟಿನ ಹಳೆಯ ಕಟ್ಟಡಗಳ ಹಿಂದೆ ಫ್ರಾಂಕ್ಲಿನ್ ಕೋರ್ಟ್ ಎಂಬ ಅಂಗಳವಿದೆ. ಬೆಂಜಮಿನ್ ಫ್ರಾಂಕ್ಲಿನ್ ಬಾಳಿದ ಮನೆಯನ್ನು 1812ರಲ್ಲೇ ಕೆಡವಿದರು. ಈಗ ಅದರ ಆಕಾರದ ಉಕ್ಕಿನ ಚೌಕಟ್ಟು ಮಾತ್ರ ನಿಂತಿದೆ. ಮಿಂಚಿಗೆ ಗಾಳಿಪಟ ಹಾರಿಸಿದ ವಿಜ್ಞಾನಿಯನ್ನು ನಾವು ಪಾಠದಲ್ಲಿ ಬಲ್ಲೆವು. ಆದರೆ ಆತನ ಕಸುಬು ಮುದ್ರಣ. ವಸಾಹತುಗಳಿಗೆ ನೋಟು ಅಚ್ಚುಹಾಕಿ ಕೊಡುವುದೂ ಅದರಲ್ಲಿ ಸೇರಿತ್ತು.

ಬ್ರಿಟಿಷ್ ವಸಾಹತುಗಳಲ್ಲಿ ಬೆಳ್ಳಿ ನಾಣ್ಯಕ್ಕೆ ಸದಾ ಬರ. ಹಾಗಾಗಿ 1690ರಲ್ಲಿ ಮ್ಯಾಸಚೂಸೆಟ್ಸ್ ಕಾಗದದ ಹಣ ಹೊರಡಿಸಿತು. ಬೆನ್ನಿಗೇ ಖೋಟಾ ನೋಟಿನವರೂ ಹುಟ್ಟಿಕೊಂಡರು. 'ನಕಲು ಮಾಡಿದರೆ ಮರಣ' ಎಂದು ನೋಟಿನ ಮೇಲೇ ಅಚ್ಚುಹಾಕಿದರೂ ಅವರು ಅಂಜಲಿಲ್ಲ. ಫ್ರಾಂಕ್ಲಿನ್ ಗಿಡದ ಎಲೆಯ ಮೊರೆಹೋದ. ನಿಜವಾದ ಎಲೆಯ ಪಡಿಯಚ್ಚು ತೆಗೆದು, ಅದನ್ನು ಲೋಹದಲ್ಲಿ ಎರಕಹೊಯ್ದು, ನೋಟಿನ ಬೆನ್ನಿಗೆ ಮುದ್ರಿಸಿದ. ಒಂದು ಎಲೆಯ ನರಗಳು ಇನ್ನೊಂದರಂತೆ ಇರುವುದಿಲ್ಲವಲ್ಲ! ಯಾವ ಕೆತ್ತನೆಗಾರನ ಕೈಗೂ ಆ ಸೂಕ್ಷ್ಮ ಸುಲಭವಾಗಿ ಬಾರದು.

ಹಳೆಯ ನಾಣ್ಯ, ನೋಟು ಮಾರುವ ಅಂಗಡಿಯೊಂದರಲ್ಲಿ 1773ರ ಪೆನ್ಸಿಲ್ವೇನಿಯಾ ನೋಟನ್ನು ಭೂತಗನ್ನಡಿಯಲ್ಲಿ ನೋಡುವ ಭಾಗ್ಯ ಸಿಕ್ಕಿತು. ಕಾಗದದಲ್ಲಿ ನಮ್ಮೂರ ಹೊಲಗಳಲ್ಲಿ ಹೊಳೆಯುವ ಕಾಗೆಬಂಗಾರದ, ಅಂದರೆ ಅಭ್ರಕದ, ಚೂರುಗಳು! ಅಲ್ಲಲ್ಲಿ ನೀಲಿ ಎಳೆ. ಸಹಿಗಳು ಮಾತ್ರ ಬೇರೆ ಶಾಯಿಯಲ್ಲಿ, ಕೈಯಿಂದಲೇ ಹಾಕಿದವು. 2023ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ಕಾಲದ ಸುಮಾರು 600 ನೋಟುಗಳನ್ನು ಪರೀಕ್ಷಿಸಿ, ಈ ಗುಟ್ಟುಗಳ ಜೊತೆಗೆ ಫ್ರಾಂಕ್ಲಿನ್ ಮುದ್ರಣದ ಕಪ್ಪು ಶಾಯಿಯಲ್ಲಿ ಗ್ರಾಫೈಟ್ ಇರುವುದನ್ನೂ ತೋರಿಸಿದ್ದಾರೆ.

ಮೆಲ್ಲಗೆ ನನ್ನ ನೋಟು ತೆಗೆದೆ. ಹೊಳಪಿಲ್ಲ, ನೀಲಿ ಎಳೆಯಿಲ್ಲ, ಅಕ್ಷರಕ್ಕೂ ಸಹಿಗೂ ಒಂದೇ ಶಾಯಿ. ಅಂಗಡಿಯಾತ ನಕ್ಕ: 'ಪ್ರವಾಸಿಗರಿಗೆಂದೇ ಮಾಡುವ ಪ್ರತಿ, ಸಾರ್.' ನನಗೆ ಮುಖ ಎತ್ತಲಾಗಲಿಲ್ಲ. ಎದುರಿನ ಅಸಲಿ ನೋಟಿನ ಬೆಲೆ ನನ್ನ ಜೇಬಿಗೆ ಮೀರಿದ್ದು.

ಅಸಲಿ ನೋಟಿನ ಪಾಡಾದರೂ ಏನಾಗಿತ್ತು? ಯುದ್ಧದ ಖರ್ಚಿಗೆಂದು 1775ರಿಂದ ಕಾಂಟಿನೆಂಟಲ್ ಕಾಂಗ್ರೆಸ್ ಸುಮಾರು 24 ಕೋಟಿ ಡಾಲರ್ ನೋಟು ಹೊರಡಿಸಿತು. ಬ್ರಿಟಿಷರು ಖೋಟಾ ನೋಟು ಹಂಚಿ ಅದರ ನಂಬಿಕೆ ಕೆಡಿಸಿದರು. ಕಡೆಗೆ 1790ರ ಕಾನೂನಿನಂತೆ 100 ಡಾಲರ್ ನೋಟಿಗೆ ಸಿಕ್ಕಿದ್ದು 1 ಡಾಲರ್ ಮೌಲ್ಯದ ಸಾಲಪತ್ರ. ಎಲೆ, ಅಭ್ರಕ ಖೋಟಾ ತಡೆದಾವು, ನಂಬಿಕೆಯನ್ನು ಅಚ್ಚುಹಾಕಲಾದೀತೆ?

ಆರ್ಚ್ ಸ್ಟ್ರೀಟಿನ ಕ್ರೈಸ್ಟ್ ಚರ್ಚ್ ಸ್ಮಶಾನದಲ್ಲಿ ಫ್ರಾಂಕ್ಲಿನ್ ಸಮಾಧಿಯ ಮೇಲೆ ಜನ ಚಿಲ್ಲರೆ ಕಾಸು ಎಸೆಯುತ್ತಾರೆ. ಕಾಗದದ ಹಣದ ಪರ ವಾದಿಸಿದವನಿಗೆ ಲೋಹದ ಕಾಸಿನ ಕಾಣಿಕೆ!

ಊರಿಗೆ ಬಂದ ಮೊದಲ ದಿನವೇ ಮಕ್ಕಳೆದುರು ತಪ್ಪೊಪ್ಪಿಕೊಂಡೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, 'ಮೊದಲೇ ಯಾಕೆ ಪರೀಕ್ಷೆ ಮಾಡಲಿಲ್ಲ ಸಾರ್?' ಎಂದಳು. ವಿಜ್ಞಾನದ ಮೇಷ್ಟ್ರಿಗೆ ಅದಕ್ಕಿಂತ ಕಠಿಣ ಪ್ರಶ್ನೆ ಇನ್ನೇನಿದೆ? ನಕಲಿ ನೋಟು ಈಗಲೂ ನನ್ನ ಮೇಜಿನಲ್ಲಿದೆ. ಅದರ ಪಕ್ಕದಲ್ಲಿ ಭೂತಗನ್ನಡಿಯನ್ನೂ ಇಟ್ಟಿದ್ದೇನೆ.